ಹ್ಯಾಮ್ಲೆಟ್ ಪಾತ್ರ ಮಾಡುವಾಗ ನಾನು ಹಿಡಿದ ದಾರಿ

“ಹ್ಯಾಮ್ಲೆಟ್‌ಗೆ ನಿಜವಾಗಲೂ ಹುಚ್ಚು ಹಿಡಿದಿತ್ತಾ, ಇಲ್ಲ ಬರೀ ನಾಟಕವಾ?” ಷೇಕ್ಸ್‌ಪಿಯರ್ ನಾಟಕದ ಈ ಪಾತ್ರ ಮಾಡಿದ ಮೇಲೆ ಸಿಕ್ಕವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಓದುಗರಿಗೆ, ವಿಮರ್ಶಕರಿಗೆ ಒಳ್ಳೆಯ ಪ್ರಶ್ನೆ. ನಟನಿಗೆ ಮಾತ್ರ ಇದರಿಂದ ಏನೂ ಸಿಗುವುದಿಲ್ಲ. ಹುಚ್ಚು ಅಂತ ಒಂದೇ ಮಾತು ಹಿಡಿದುಕೊಂಡರೆ ಐದು ಅಂಕವೂ ಒಂದೇ ಬಣ್ಣ ಆಗುತ್ತದೆ. ನಾಟಕ ಅಂತ ಹಿಡಿದುಕೊಂಡರೂ ಅಷ್ಟೇ. ನನಗೆ ಬೇಕಾಗಿದ್ದ ಉತ್ತರಗಳು ಬೇರೆ. ಈಗ ರಂಗಕ್ಕೆ ಬರುತ್ತಿರುವ ಈ ಮನುಷ್ಯನಿಗೆ ಏನು ಗೊತ್ತು? ಕೊನೆಯ ಬಾರಿ ನಾವು ಅವನನ್ನು ನೋಡಿ ಎಷ್ಟು ದಿನ ಆಯಿತು? ಈ ಮಾತನ್ನು ಅವನು ಯಾರಿಗೆ ಹೇಳುತ್ತಿದ್ದಾನೆ? ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಡೆನ್ಮಾರ್ಕಿನ ರಾಜ ಸತ್ತಿದ್ದಾನೆ, ಅವನ ತಮ್ಮ ಕ್ಲಾಡಿಯಸ್ ಪಟ್ಟಕ್ಕೆ ಬಂದು ಅತ್ತಿಗೆಯನ್ನೇ ಮದುವೆಯಾಗಿದ್ದಾನೆ. ಸತ್ತ ರಾಜನ ಭೂತ ಬಂದು ಮಗ ಹ್ಯಾಮ್ಲೆಟ್‌ಗೆ, ನನ್ನನ್ನು ಕೊಂದವನು ಅವನೇ, ಸೇಡು ತೀರಿಸು ಅನ್ನುತ್ತದೆ. ಹ್ಯಾಮ್ಲೆಟ್ ಹುಚ್ಚನ ವೇಷ ಹಾಕುತ್ತಾನೆ.

ನಮ್ಮದು ಬೆಂಗಳೂರಿನ ಒಂದು ಹವ್ಯಾಸಿ ತಂಡ. ಎಲ್ಲರಿಗೂ ಹಗಲು ಕೆಲಸ, ಸಂಜೆ ತಾಲೀಮು. ಕನ್ನಡ ಪ್ರತಿಯನ್ನು ನಿರ್ದೇಶಕರೇ ಮಾಡಿಕೊಂಡಿದ್ದರು. ಕುವೆಂಪು ಈ ಕಥೆಯನ್ನೇ ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ಬರೆದಿದ್ದಾರೆ. ಅದನ್ನೇ ಮಾಡೋಣ ಅಂತ ಮೊದಲು ಮಾತು ಬಂದಿತ್ತು. ಆಮೇಲೆ ಡೆನ್ಮಾರ್ಕ್ ಡೆನ್ಮಾರ್ಕೇ ಆಗಿರಲಿ, ಎಲ್ಸಿನೋರ್ ಕೋಟೆ ಅಲ್ಲೇ ಇರಲಿ ಅಂತ ತೀರ್ಮಾನವಾಯಿತು. ಮೂಲ ನಾಟಕ ಪೂರ್ತಿ ಆಡಿದರೆ ನಾಲ್ಕು ಗಂಟೆ ದಾಟುತ್ತದೆ. ಸುಮಾರು 4,000 ಸಾಲು, ಅದರಲ್ಲಿ ಹ್ಯಾಮ್ಲೆಟ್ ಒಬ್ಬನದೇ 1,500ರ ಹತ್ತಿರ. ಕತ್ತರಿ ಹಾಕದೆ ವಿಧಿಯಿರಲಿಲ್ಲ. ಎಲ್ಲಿ ಹಾಕಬೇಕು ಅನ್ನುವ ಜಗಳದಲ್ಲೇ ನನಗೆ ಪಾತ್ರ ಅರ್ಥವಾಗುತ್ತಾ ಹೋಯಿತು.

ಡೈಲಾಗ್ ಬಾಯಿಪಾಠ ಮಾಡುವ ಮೊದಲು ನಾನು ಒಂದು ಕ್ಯಾಲೆಂಡರ್ ಹಾಕಿಕೊಂಡೆ. ಮೊದಲ ಅಂಕದ ಎರಡನೇ ದೃಶ್ಯದಲ್ಲಿ ಹ್ಯಾಮ್ಲೆಟ್ ಹೇಳುತ್ತಾನೆ, ಅಪ್ಪ ಸತ್ತು ಎರಡು ತಿಂಗಳು ಕೂಡ ಆಗಿಲ್ಲ. ಮೂರನೇ ಅಂಕದಲ್ಲಿ ಅರಮನೆಯ ನಾಟಕ ನಡೆಯುವ ರಾತ್ರಿ ಅವನು ಪ್ರೀತಿಸಿದ ಹುಡುಗಿ ಒಫೀಲಿಯಾ ಅವನನ್ನು ತಿದ್ದುತ್ತಾಳೆ, ಇಲ್ಲ ಪ್ರಭು, ಎರಡೆರಡಲ ನಾಲ್ಕು ತಿಂಗಳಾಯಿತು. ಅಂದರೆ ಭೂತ ಕಾಣಿಸಿಕೊಂಡ ರಾತ್ರಿಗೂ ಆಮೇಲೆ ನಡೆಯುವುದಕ್ಕೂ ನಡುವೆ ಎರಡು ತಿಂಗಳಿನಷ್ಟು ಕಾಲ ಸುಮ್ನೆ ಕಳೆದುಹೋಗಿದೆ. ಆ ಎರಡು ತಿಂಗಳು ರಂಗದ ಮೇಲೆ ಇಲ್ಲ. ಆದರೆ ಎರಡನೇ ಅಂಕದಲ್ಲಿ ನಟರ ತಂಡ ಬಂದ ಮೇಲೆ ಎಲ್ಲವೂ ನುಗ್ಗಿಕೊಂಡು ಬರುತ್ತದೆ. ನಾಟಕ ನಾಳೆ ರಾತ್ರಿ ಅಂತ ಅವನೇ ಗೊತ್ತು ಮಾಡುತ್ತಾನೆ. ಮರುದಿನ “ಇರುವುದೋ ಇಲ್ಲದಿರುವುದೋ” ಸ್ವಗತ, ಒಫೀಲಿಯಾ ಜೊತೆ ಜಗಳ, ರಾತ್ರಿ ನಾಟಕ, ಅದಾದ ತಕ್ಷಣ ಪ್ರಾರ್ಥಿಸುತ್ತಿರುವ ರಾಜ, ತಾಯಿಯ ಕೋಣೆ, ಅಲ್ಲಿ ಒಫೀಲಿಯಾಳ ಅಪ್ಪ, ರಾಜನ ಮಂತ್ರಿ ಪೊಲೋನಿಯಸ್ ಕೊಲೆ. ಇಷ್ಟೂ ಒಂದೇ ಹಗಲು ಒಂದೇ ರಾತ್ರಿ.

ಇದು ಗೊತ್ತಾದ ಮೇಲೆ ‘ತಡ ಮಾಡುವವನು’ ಅನ್ನುವ ಹಣೆಪಟ್ಟಿ ನನಗೆ ಅಂಟಲಿಲ್ಲ. 1948ರಲ್ಲಿ ಲಾರೆನ್ಸ್ ಒಲಿವಿಯೆ ಮಾಡಿದ ಸಿನಿಮಾ ಶುರುವಿನಲ್ಲೇ ಹೇಳಿಬಿಡುತ್ತದೆ, ಇದು ಮನಸ್ಸು ಗಟ್ಟಿ ಮಾಡಿಕೊಳ್ಳಲಾಗದ ಒಬ್ಬನ ದುರಂತ ಅಂತ. ನನಗೆ ಅದು ಒಪ್ಪಿಗೆಯಿಲ್ಲ. ಗೆಳೆಯರು ಹಿಡಿದೆಳೆದರೂ ಬಿಡಿಸಿಕೊಂಡು ಭೂತದ ಹಿಂದೆ ಹೋಗುವವನು ಇವನು. ಪರದೆ ಅಲ್ಲಾಡಿದ್ದೇ ತಡ, ಯಾರು ಅಂತ ನೋಡದೆ ಕತ್ತಿ ಚುಚ್ಚುತ್ತಾನೆ. ಕಡಲ್ಗಳ್ಳರ ಹಡಗಿಗೆ ಒಬ್ಬನೇ ಹಾರುತ್ತಾನೆ. ಕೈ ನಿಧಾನವಲ್ಲ ಅವನದು. ಒಂದೇ ಒಂದು ಕೆಲಸದ ಎದುರು ಮಾತ್ರ ಕೈ ನಿಲ್ಲುತ್ತದೆ. ಯಾಕೆ ಅನ್ನುವುದಕ್ಕೆ ಪ್ರತಿ ದೃಶ್ಯದಲ್ಲೂ ಕಾರಣ ಬೇರೆ ಬೇರೆ. ಆ ಬೇರೆ ಬೇರೆಯನ್ನು ತೋರಿಸುವುದೇ ನನ್ನ ಕೆಲಸ ಅಂದುಕೊಂಡೆ.

ಮೊದಲ ಸ್ವಗತದಲ್ಲಿ ಅವನಿಗೆ ಕೊಲೆಯ ಸುದ್ದಿಯೇ ಗೊತ್ತಿಲ್ಲ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಭೂತ ಇನ್ನೂ ಬಂದಿಲ್ಲ, ಸೇಡಿನ ಮಾತಿಲ್ಲ. ಆಗಲೇ ಅವನಿಗೆ ಸಾಯಬೇಕು ಅನ್ನಿಸಿದೆ. ಆತ್ಮಹತ್ಯೆ ಪಾಪ ಅಂತ ದೇವರು ಕಟ್ಟಳೆ ಹಾಕದಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ. ಮನಸ್ಸು ಮುರಿದಿರುವುದು ಕೊಲೆಯಿಂದಲ್ಲ, ತಾಯಿಯ ಮದುವೆಯಿಂದ. ಅಲ್ಲಿ ಒಂದು ಲೆಕ್ಕ ನಡೆಯುತ್ತದೆ ನೋಡಿ. ಎರಡು ತಿಂಗಳು ಅನ್ನುತ್ತಾನೆ, ಇಲ್ಲ ಅಷ್ಟೂ ಇಲ್ಲ ಅನ್ನುತ್ತಾನೆ, ಒಂದೇ ತಿಂಗಳಲ್ಲಿ ಅನ್ನುತ್ತಾನೆ, ಶವದ ಹಿಂದೆ ನಡೆದ ಚಪ್ಪಲಿ ಹಳೆಯದಾಗುವ ಮೊದಲೇ ಅನ್ನುತ್ತಾನೆ. ಕಾಲ ಕುಗ್ಗುತ್ತಾ ಹೋಗುತ್ತದೆ. ಶುರುವಿನಲ್ಲಿ ನಾನು ಇದನ್ನು ಅಳುವಿನ ದನಿಯಲ್ಲಿ ಹೇಳುತ್ತಿದ್ದೆ. ಆಮೇಲೆ ಅಳು ತೆಗೆದು ಲೆಕ್ಕ ಹಾಕುವವನ ದನಿ ತಂದೆ. ಒಂದೊಂದು ಸಲ ತಿಂಗಳು ಎಣಿಸಿದಾಗಲೂ ಅವನಿಗೆ ಅವಮಾನ ಹೆಚ್ಚುತ್ತದೆ. ವಾಕ್ಯಗಳು ಮುಗಿಯುವುದಿಲ್ಲ, ಅರ್ಧಕ್ಕೆ ಬೇರೆ ಯೋಚನೆ ನುಗ್ಗುತ್ತದೆ. ಆ ಅರ್ಧ ವಾಕ್ಯಗಳನ್ನು ನಿರ್ದೇಶಕರು ಕನ್ನಡದಲ್ಲೂ ಅರ್ಧಕ್ಕೇ ಬಿಟ್ಟಿದ್ದರು. ಉಸಿರು ಎಲ್ಲಿ ತೆಗೆಯಬೇಕು ಅನ್ನುವುದು ಅದರಿಂದಲೇ ಗೊತ್ತಾಯಿತು.

ಭೂತದ ದೃಶ್ಯದಲ್ಲಿ ನಮ್ಮ ಪ್ರೇಕ್ಷಕರದೇ ಒಂದು ನಿರೀಕ್ಷೆ ಇರುತ್ತದೆ. ಭೀಮನ ಶಪಥ ನೋಡಿ ಬೆಳೆದವರು ನಾವು. ದ್ರೌಪದಿಯ ಮುಡಿ ಬಿಚ್ಚಿಕೊಂಡಿದೆ, ಭೀಮ ಮಾತು ಕೊಟ್ಟಿದ್ದಾನೆ, ಎಷ್ಟು ವರ್ಷ ಕಾಡಿನಲ್ಲಿದ್ದರೂ ಆ ಮಾತು ಅಲುಗುವುದಿಲ್ಲ. ರನ್ನನ ಭೀಮನಿಗೂ ಅಷ್ಟೇ, ಯಕ್ಷಗಾನದ ಭೀಮನಿಗೂ ಅಷ್ಟೇ. ಹ್ಯಾಮ್ಲೆಟ್ ಕೂಡ ಮಾತು ಕೊಡುತ್ತಾನೆ. ಹಾರಿ ಹೋಗಿ ಸೇಡು ತೀರಿಸುತ್ತೇನೆ ಅನ್ನುತ್ತಾನೆ. ಆದರೆ ಅದೇ ದೃಶ್ಯ ಮುಗಿಯುವ ಮೊದಲು, ಗೆಳೆಯರಿಂದ ಆಣೆ ಹಾಕಿಸಿಕೊಂಡಾದ ಮೇಲೆ, ಇನ್ನೊಂದು ಮಾತು ಬರುತ್ತದೆ. ಕಾಲದ ಕೀಲು ತಪ್ಪಿದೆ, ಅದನ್ನು ಸರಿ ಮಾಡಲು ನಾನೇ ಹುಟ್ಟಬೇಕಾಗಿತ್ತಾ, ಎಂಥ ಶಾಪ ಇದು. ಶಪಥ ಮಾಡಿದ ನಾಲಿಗೆ ಆರುವ ಮೊದಲೇ ಬೇಸರ! ಭೀಮ ಇದನ್ನು ಹೇಳುವುದಿಲ್ಲ. ತಾಲೀಮಿನಲ್ಲಿ ಇಲ್ಲಿ ಸಂಗೀತ ಹಾಕಿ ಅಂಕ ಮುಗಿಸುವ ಯೋಚನೆ ಇತ್ತು. ಬೇಡ ಅಂದೆ. ಬಾಗಿಲು ದಾಟುತ್ತಾ, ಪಕ್ಕದವನಿಗೂ ಕೇಳಿಸದ ಹಾಗೆ ಹೇಳಿ ಹೊರಟೆ.

ಸೇಡಿನ ನಾಟಕ ಅನ್ನುವುದು ಆ ಕಾಲದ ಲಂಡನ್‌ನಲ್ಲಿ ಎಲ್ಲರಿಗೂ ಗೊತ್ತಿದ್ದ ಜಾತಿ. ಥಾಮಸ್ ಕಿಡ್ 1580ರ ದಶಕದಲ್ಲೇ ‘ಸ್ಪ್ಯಾನಿಷ್ ಟ್ರ್ಯಾಜಿಡಿ’ ಬರೆದಿದ್ದ. ಅದರಲ್ಲೂ ಭೂತ ಇದೆ, ಹುಚ್ಚು ಇದೆ, ನಾಟಕದೊಳಗೆ ನಾಟಕ ಇದೆ. ಅಲ್ಲಿ ಮಗನನ್ನು ಕಳೆದುಕೊಂಡ ಹಿಯೆರೋನಿಮೋ ಒಳನಾಟಕ ಆಡಿಸಿ, ಅದರಲ್ಲೇ ನಿಜವಾದ ಚಾಕು ಹಾಕಿ ಶತ್ರುಗಳನ್ನು ಮುಗಿಸುತ್ತಾನೆ. ಹ್ಯಾಮ್ಲೆಟ್ ನಟರಿಂದ ನಾಟಕ ಆಡಿಸಲು ಹೊರಟಾಗ ಆಗಿನ ಪ್ರೇಕ್ಷಕರು ಅದನ್ನೇ ಕಾದಿರಬೇಕು, ಈಗ ರಕ್ತ ಬೀಳುತ್ತದೆ ಅಂತ. ಆದರೆ ಇವನು ನಾಟಕ ಆಡಿಸುವುದು ಕೊಲ್ಲುವುದಕ್ಕಲ್ಲ, ಅಪ್ಪನ ಕೊಲೆಯಂಥ ಕೊಲೆಯನ್ನೇ ರಾಜನ ಎದುರು ಆಡಿಸಿ, ಭೂತ ಹೇಳಿದ್ದು ನಿಜವಾ ಅಂತ ಪರೀಕ್ಷೆ ಮಾಡುವುದಕ್ಕೆ. ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗ ಅಲ್ವಾ, ಸಾಕ್ಷಿ ಕೇಳುತ್ತಾನೆ.

ಹುಚ್ಚಿನ ವೇಷಕ್ಕೆ ನನಗೆ ದಾರಿ ತೋರಿಸಿದ್ದು ಮೂಲದಲ್ಲಿ ಪದ್ಯ ಎಲ್ಲಿದೆ, ಗದ್ಯ ಎಲ್ಲಿದೆ ಅನ್ನುವುದು. ಒಬ್ಬನೇ ಇದ್ದಾಗ ಹ್ಯಾಮ್ಲೆಟ್ ಪದ್ಯದಲ್ಲಿ ಮಾತಾಡುತ್ತಾನೆ. ಪೊಲೋನಿಯಸ್, ಹಳೆಯ ಗೆಳೆಯರಾದ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಎದುರು ಬಂದರೆ ಗದ್ಯ. ಒಫೀಲಿಯಾ ಜೊತೆ ಮಾತು ಪದ್ಯದಲ್ಲಿ ಶುರುವಾಗಿ ಗದ್ಯಕ್ಕೆ ಜಾರುತ್ತದೆ. ತಾಯಿಯ ಕೋಣೆಯಲ್ಲಿ ಮತ್ತೆ ಪದ್ಯ. ಅಂದರೆ ತಾಯಿ ಎದುರು ವೇಷ ಕಳಚಿದ್ದಾನೆ. ನಮ್ಮ ಕನ್ನಡ ಪ್ರತಿಯಲ್ಲಿ ಪೂರ್ತಿ ಛಂದಸ್ಸು ಇರಲಿಲ್ಲ. ಸ್ವಗತಗಳಿಗೆ ಮಾತ್ರ ಒಂದು ಲಯ ಇತ್ತು. ಉಳಿದ ಕಡೆ ನಾನು ನಮ್ಮ ಮನೆಯಲ್ಲಿ ಆಡುವ ಕನ್ನಡದ ವೇಗಕ್ಕೆ ಬಂದುಬಿಡುತ್ತಿದ್ದೆ. ಹುಚ್ಚನ ಹಾಗೆ ಕಣ್ಣು ಹೊರಳಿಸುವುದು, ಕೂದಲು ಕೆದರಿಕೊಳ್ಳುವುದು ಯಾವುದೂ ಮಾಡಲಿಲ್ಲ. ರಾಜಕುಮಾರನೊಬ್ಬ ರಾಜಕುಮಾರನ ಹಾಗೆ ಮಾತಾಡದಿದ್ದರೆ ಅರಮನೆಗೆ ಅದೇ ಸಾಕಷ್ಟು ಹುಚ್ಚು.

ಇನ್ನು ಎರಡನೇ ಅಂಕದ ಕೊನೆ ಮತ್ತು ಮೂರನೆಯದರ ಆರಂಭ. ನನಗೆ ನಿದ್ದೆ ಕೆಡಿಸಿದ್ದು ಈ ಜಾಗ.

ನಟನೊಬ್ಬ ಟ್ರಾಯ್ ನಗರದ ಕಥೆ ಹೇಳುತ್ತಾನೆ. ಪಿರ್ರಸ್ ತನ್ನ ತಂದೆಯ ಸೇಡಿಗಾಗಿ ಮುದಿ ರಾಜ ಪ್ರಿಯಾಮನ ಮೇಲೆ ಕತ್ತಿ ಎತ್ತಿದ್ದಾನೆ. ಕತ್ತಿ ಗಾಳಿಯಲ್ಲಿ ಒಂದು ಕ್ಷಣ ನಿಂತುಬಿಡುತ್ತದೆ. ಆಮೇಲೆ ಕಡಿಯುತ್ತಾನೆ. ರಾಣಿ ಹೆಕ್ಯುಬಾಳ ಗೋಳು ಹೇಳುವಾಗ ನಟನ ಕಣ್ಣಲ್ಲಿ ನಿಜವಾದ ನೀರು. ಅದನ್ನು ನೋಡಿ ಹ್ಯಾಮ್ಲೆಟ್ ತನ್ನನ್ನೇ ಬೈದುಕೊಳ್ಳುತ್ತಾನೆ. ಯಾವುದೋ ಹೆಕ್ಯುಬಾಗಾಗಿ ಇವನು ಅಳುತ್ತಾನೆ, ನಾನು ಹೇಡಿ, ಕತ್ತೆ. ಬೈದು ಬೈದು ರಾಜನಿಗೂ ಬೈಗುಳದ ಮಳೆ ಸುರಿಸಿ, ತಟ್ಟನೆ ನಿಲ್ಲಿಸುತ್ತಾನೆ. ಛೆ, ಬಾಯಲ್ಲಿ ಬೈಯುವುದರಲ್ಲೇ ಸಮಾಧಾನ ಪಟ್ಟುಕೊಳ್ಳುತ್ತಿದ್ದೇನಲ್ಲ ಅಂತ ತನಗೇ ನಾಚಿಕೆ. ಆಮೇಲೆ ಉಪಾಯ ಹೊಳೆಯುತ್ತದೆ, ಹುರುಪಿನಲ್ಲಿ ಹೊರಡುತ್ತಾನೆ. ನಟನಿಗೆ ಹಬ್ಬ ಈ ಸ್ವಗತ. ಚಪ್ಪಾಳೆ ಖಂಡಿತ.

ಮರುದಿನ ಅದೇ ಮನುಷ್ಯ ಬಂದು ಇರುವುದೋ ಇಲ್ಲದಿರುವುದೋ ಅನ್ನುತ್ತಾನೆ! ನಿನ್ನೆಯ ಹುರುಪು ಎಲ್ಲಿ ಹೋಯಿತು? 1603ರಲ್ಲಿ ಅಚ್ಚಾದ ಮೊದಲ ಕ್ವಾರ್ಟೋ (ಚಿಕ್ಕ ಆಕಾರದ ಬಿಡಿ ಪುಸ್ತಕ) ಪ್ರತಿಯಲ್ಲಿ ಈ ಸ್ವಗತ ನಟರು ಬರುವುದಕ್ಕಿಂತ ಮೊದಲೇ ಬರುತ್ತದೆ. ಅಲ್ಲಿ ಮೊದಲು ಕುಸಿತ, ಆಮೇಲೆ ನಟರು, ಆಮೇಲೆ ಉಪಾಯ. ಏಣಿ ಹತ್ತಿದ ಹಾಗೆ ನೇರ. ಎಷ್ಟೋ ನಿರ್ದೇಶಕರು ಆ ಕ್ರಮವನ್ನೇ ಹಿಡಿದಿದ್ದಾರೆ. ನಾವೂ ತಾಲೀಮಿನಲ್ಲಿ ಎರಡೂ ಕ್ರಮ ಆಡಿ ನೋಡಿದೆವು. ಮೊದಲ ಕ್ವಾರ್ಟೋ ಕ್ರಮ ನನಗೆ ಬಹಳ ಸಲೀಸಾಗಿತ್ತು. ಅಷ್ಟು ಸಲೀಸಾಗಿದ್ದೇ ನನಗೆ ಹಿಡಿಸಲಿಲ್ಲ. ಮನಸ್ಸು ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದಿಲ್ಲ.

ಈ ಸ್ವಗತವನ್ನು ನಿಧಾನವಾಗಿ ಓದಿ ನೋಡಿ. ಅದರಲ್ಲಿ ‘ನಾನು’ ಇಲ್ಲ. ‘ನನ್ನ’ ಇಲ್ಲ. ಅಪ್ಪ ಇಲ್ಲ, ಚಿಕ್ಕಪ್ಪ ಇಲ್ಲ, ಭೂತ ಇಲ್ಲ, ಸೇಡು ಇಲ್ಲ. ಇರುವುದೆಲ್ಲ ‘ನಾವು’, ಮನುಷ್ಯರೆಲ್ಲ. ಸತ್ತ ಮೇಲಿನ ನಾಡಿನಿಂದ ಯಾವ ಪಯಣಿಗನೂ ಹಿಂದಿರುಗಿಲ್ಲ ಅನ್ನುತ್ತಾನೆ. ಅಪ್ಪನ ಭೂತದ ಜೊತೆ ಮಾತಾಡಿದವನು ಹೇಳುವ ಮಾತಾ ಇದು? ಹಿಂದಿನ ದಿನದ ಸ್ವಗತದಲ್ಲಿ ಸಾಲು ಸಾಲಿಗೂ ‘ನಾನು’. ಇಲ್ಲಿ ಒಂದೂ ಇಲ್ಲ. ಕೊನೆಗೆ ಒಫೀಲಿಯಾಳನ್ನು ನೋಡಿದಾಗಲೇ ‘ನನ್ನ ಪಾಪಗಳು’ ಅಂತ ಮತ್ತೆ ತನ್ನ ಕಡೆ ಬರುತ್ತಾನೆ.

ಇದರಿಂದ ನನಗೊಂದು ಹಿಡಿತ ಸಿಕ್ಕಿತು. ಉಪಾಯ ಹೂಡಿ ಆಗಿದೆ. ನಟರಿಗೆ ಸಾಲು ಬರೆದು ಕೊಟ್ಟಾಗಿದೆ. ನಾಟಕ ರಾತ್ರಿಗೆ. ಈಗ ಹಗಲು, ಮಾಡಲು ಏನೂ ಕೆಲಸವಿಲ್ಲ. ದೊಡ್ಡ ಕೋಪ ಇಳಿದ ಮೇಲೆ, ಮುಂದಿನ ಕೆಲಸಕ್ಕೆ ಇನ್ನೂ ಹೊತ್ತಿರುವಾಗ, ಮನಸ್ಸು ತನ್ನ ವಿಷಯ ಬಿಟ್ಟು ಎಲ್ಲೋ ದೂರ ಹೋಗಿ ನಿಲ್ಲುತ್ತದೆ. ನಾನು ಅದನ್ನು ದುಃಖದಲ್ಲಿ ಹೇಳಲಿಲ್ಲ. ಕಂಬಕ್ಕೆ ಒರಗಿ, ಕೈಯಲ್ಲಿ ಏನೂ ಇಟ್ಟುಕೊಳ್ಳದೆ, ಯಾರದೋ ಸಮಸ್ಯೆ ಬಿಡಿಸುವವನ ಹಾಗೆ ಹೇಳಿದೆ. ಕಠಾರಿ ಹಿಡಿದು ಹೇಳುವ ಹಳೆ ಸಂಪ್ರದಾಯ ಇದೆಯಲ್ಲ, ಅದು ನನಗೆ ಸೇರದು. ನಿರ್ದೇಶಕರಿಗೆ ಮೊದಲು ಇದು ತುಂಬಾ ತಣ್ಣಗಾಯಿತು ಅನ್ನಿಸಿತ್ತು. ಹಿಂದಿನ ಸ್ವಗತದ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ಒಪ್ಪಿದರು.

ಅರಮನೆಯ ನಾಟಕದಿಂದ ಕ್ಲಾಡಿಯಸ್ ಎದ್ದು ಓಡಿದ ಕ್ಷಣ ಹ್ಯಾಮ್ಲೆಟ್ ಇಡೀ ನಾಟಕದಲ್ಲಿ ಅತ್ಯಂತ ಖುಷಿಯಾಗಿರುವ ಹೊತ್ತು. ಹಾಡುತ್ತಾನೆ, ಕುಣಿಯುತ್ತಾನೆ, ಕೊಳಲು ತರಿಸಿ ಗಿಲ್ಡೆನ್‌ಸ್ಟರ್ನ್‌ನ ಮಾನ ಕಳೆಯುತ್ತಾನೆ. ಒಬ್ಬನೇ ಆದಾಗ ಬಿಸಿ ರಕ್ತ ಕುಡಿಯಬಲ್ಲೆ ಅನ್ನುತ್ತಾನೆ. ಈ ಬಿಸಿಯಲ್ಲೇ ತಾಯಿಯ ಕೋಣೆಗೆ ಹೋಗುವ ದಾರಿಯಲ್ಲಿ, ಕಾವಲಿಲ್ಲದೆ ಮಂಡಿಯೂರಿ ಕೂತ ರಾಜ ಸಿಗುತ್ತಾನೆ.

ಕತ್ತಿ ಎಳೆಯುತ್ತಾನೆ. ನಿಲ್ಲಿಸುತ್ತಾನೆ. ಪ್ರಾರ್ಥನೆಯಲ್ಲಿರುವಾಗ ಕೊಂದರೆ ಇವನು ಸ್ವರ್ಗಕ್ಕೆ ಹೋಗುತ್ತಾನೆ, ನನ್ನಪ್ಪ ಪಾಪ ತೊಳೆದುಕೊಳ್ಳಲು ಅವಕಾಶವೇ ಇಲ್ಲದೆ ಸತ್ತ. ಇವನು ಕುಡಿದು ಬಿದ್ದಿರುವಾಗ, ಹಾಸಿಗೆಯ ಸುಖದಲ್ಲಿರುವಾಗ ಕೊಲ್ಲಬೇಕು, ನೇರ ನರಕಕ್ಕೆ ಹೋಗಬೇಕು. ಕವಿ ಕೋಲ್ರಿಜ್ ಥರದ ವಿಮರ್ಶಕರು ಇದನ್ನು ನೆಪ ಅಂದರು, ಕೊಲ್ಲಲಾಗದವನು ಹುಡುಕಿಕೊಂಡ ಕಾರಣ ಅಂತ. ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಮಾತ್ರ ಈ ಮಾತು ಓದಲಿಕ್ಕೂ ಹೇಳಲಿಕ್ಕೂ ಆಗದಷ್ಟು ಭಯಂಕರ ಅನ್ನಿಸಿತ್ತು. ನಾನು ಜಾನ್ಸನ್ ಕಡೆ. ನೆಪ ಅಂತ ಆಡಿದರೆ ಹ್ಯಾಮ್ಲೆಟ್ ಪಾಪದ ಹುಡುಗ ಆಗುತ್ತಾನೆ, ಪ್ರೇಕ್ಷಕರಿಗೆ ಅಯ್ಯೋ ಅನ್ನಿಸುತ್ತದೆ. ನಿಜ ಅಂತ ಆಡಿದರೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ನಮ್ಮ ಅಶ್ವತ್ಥಾಮ ನಡುರಾತ್ರಿ ಶಿಬಿರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ. ಅಧರ್ಮ ಅಂತ ನಾವು ಇವತ್ತಿಗೂ ಅನ್ನುತ್ತೇವೆ. ಹ್ಯಾಮ್ಲೆಟ್ ಕೈಗೆ ಸಿಕ್ಕವನನ್ನು ಬಿಟ್ಟು ನಡೆಯುತ್ತಾನೆ. ಬಿಟ್ಟಿದ್ದು ದಯೆಯಿಂದ ಅಲ್ಲ, ಸಾವಿನಾಚೆಗೂ ಅವನನ್ನು ಸುಡಬೇಕು ಅಂತ. ಯಾರು ಹೆಚ್ಚು ಕ್ರೂರಿ ಹೇಳಿ? ಷೇಕ್ಸ್‌ಪಿಯರ್ ಇನ್ನೂ ಒಂದು ಏಟು ಕೊಡುತ್ತಾನೆ. ಹ್ಯಾಮ್ಲೆಟ್ ಹೋದ ಮೇಲೆ ರಾಜ ಎದ್ದು, ಮಾತು ಮೇಲೆ ಹೋಯಿತು, ಮನಸ್ಸು ಕೆಳಗೇ ಉಳಿಯಿತು ಅನ್ನುತ್ತಾನೆ. ಪ್ರಾರ್ಥನೆ ಆಗಿರಲೇ ಇಲ್ಲ.

ಈ ಸ್ವಗತವನ್ನು ನಾನು ಪ್ರೇಕ್ಷಕರ ಕಣ್ಣಿಗೆ ಕಣ್ಣಿಟ್ಟು ಹೇಳಿದೆ. ಕತ್ತಿ ಕೆಳಗಿಳಿಸುವಾಗ ಮುಖದಲ್ಲಿ ಸಮಾಧಾನ. ಬೇರೆ ಎಲ್ಲ ಸ್ವಗತಗಳಲ್ಲೂ ಪ್ರೇಕ್ಷಕರು ನನ್ನ ಜೊತೆ ಇದ್ದರು. ಇಲ್ಲಿ ಸ್ವಲ್ಪ ಹಿಂದೆ ಸರಿಯಬೇಕು ಅನ್ನುವುದು ನನ್ನ ಆಸೆಯಾಗಿತ್ತು.

ತಾಯಿಯ ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮಂಚ ಹಾಕಿ, ತಾಯಿ ಮಗನ ನಡುವೆ ಬೇರೇನನ್ನೋ ತೋರಿಸುವ ಚಾಳಿ ಕಳೆದ ಶತಮಾನದಲ್ಲಿ ಶುರುವಾಯಿತು. ಫ್ರಾಯ್ಡ್ ಮತ್ತು ಅವನ ಶಿಷ್ಯ ಅರ್ನೆಸ್ಟ್ ಜೋನ್ಸ್ ಕೊಟ್ಟ ವ್ಯಾಖ್ಯಾನ ಅದಕ್ಕೆ ಮೂಲ. ನಾವು ಮಂಚ ಇಡಲಿಲ್ಲ, ಎರಡು ಕುರ್ಚಿ ಇಟ್ಟೆವು. ನನಗೆ ಆ ದೃಶ್ಯದಲ್ಲಿ ಮುಖ್ಯವಾಗಿ ಕಂಡಿದ್ದು ಪರದೆಯ ಹಿಂದೆ ಬಿದ್ದ ಹೆಣ. ಪೊಲೋನಿಯಸ್‌ಗೆ ಒಬ್ಬ ಮಗ ಇದ್ದಾನೆ. ಆ ಕತ್ತಿ ಒಳಗೆ ಹೋದ ಕ್ಷಣದಿಂದ ಹ್ಯಾಮ್ಲೆಟ್ ಇನ್ನೊಬ್ಬ ಹುಡುಗನ ಅಪ್ಪನನ್ನು ಕೊಂದವನು. ಸೇಡು ತೀರಿಸಬೇಕಾದವನೇ ಈಗ ಸೇಡಿಗೆ ಗುರಿ. ಅವನಿಗೆ ಇದು ಆಗ ಹೊಳೆಯುವುದಿಲ್ಲ. ಹೆಣ ಎಳೆದುಕೊಂಡು ಹೋಗುತ್ತಾ ತಮಾಷೆ ಮಾಡುತ್ತಾನೆ. ಆ ತಮಾಷೆಯನ್ನು ಕತ್ತರಿಸೋಣ ಅಂದವರಿದ್ದರು, ಉಳಿಸಿಕೊಂಡೆವು.

ಕತ್ತರಿ ಬಿದ್ದಿದ್ದು ನಾಲ್ಕನೇ ಅಂಕದ ಸ್ವಗತಕ್ಕೆ. ತುಂಡು ನೆಲಕ್ಕಾಗಿ 20,000 ಸೈನಿಕರು ಸಾಯಲು ಹೊರಟಿದ್ದಾರೆ, ನಾನು ಸುಮ್ಮನಿದ್ದೇನೆ, ಇನ್ನು ಮೇಲೆ ನನ್ನ ಯೋಚನೆಯೆಲ್ಲ ರಕ್ತವೇ ಆಗಿರಲಿ ಅನ್ನುವ ಮಾತು. ಎರಡನೇ ಕ್ವಾರ್ಟೋದಲ್ಲಿ ಇದು ಇದೆ, ಷೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಗ್ರಹವಾದ 1623ರ ಫೋಲಿಯೋದಲ್ಲಿ ಇಲ್ಲ. ಒಳ್ಳೆಯ ಸ್ವಗತ ಕಳೆದುಕೊಳ್ಳುವುದು ಯಾವ ನಟನಿಗೂ ಸಂಕಟವೇ. ಆದರೂ ತೆಗೆಯೋಣ ಅಂದವನು ನಾನೇ. ಎರಡನೇ ಅಂಕದಲ್ಲಿ ಬೈದುಕೊಂಡಿದ್ದನ್ನೇ ಇಲ್ಲಿ ಮತ್ತೆ ಬೈದುಕೊಳ್ಳುತ್ತಾನೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಇದನ್ನು ತೆಗೆದರೆ ಹ್ಯಾಮ್ಲೆಟ್ ಆಡುವ ಕೊನೆಯ ಸ್ವಗತ ಯಾವುದಾಗುತ್ತದೆ? ಮಂಡಿಯೂರಿದ ರಾಜನ ಹಿಂದೆ ನಿಂತು ಹೇಳಿದ್ದು. ಪ್ರೇಕ್ಷಕರ ಜೊತೆ ಅವನು ಕೊನೆಯದಾಗಿ ಹಂಚಿಕೊಂಡಿದ್ದು ತನ್ನ ಅತ್ಯಂತ ಕೆಟ್ಟ ಯೋಚನೆಯನ್ನು. ಅಲ್ಲಿಂದ ಮುಂದೆ ಬಾಗಿಲು ಮುಚ್ಚಿತು. ಐದನೇ ಅಂಕದಲ್ಲಿ ಸ್ವಗತವೇ ಇಲ್ಲ, ಯಾವ ಪ್ರತಿಯಲ್ಲೂ ಇಲ್ಲ.

ಪಾತ್ರದ ಮನಸ್ಸು ಎಲ್ಲಿ ಬದಲಾಯಿತು ಅಂತ ಹುಡುಕುತ್ತಾ ಹೋದ ನನಗೆ ಸಿಕ್ಕ ಉತ್ತರ ಇದೇ. ಅವನು ತನ್ನ ಜೊತೆ ತಾನು ಮಾತಾಡುವುದನ್ನು ನಿಲ್ಲಿಸುತ್ತಾನೆ. ಯಾಕೆ, ಯಾವಾಗ ಅಂತ ನಮಗೆ ಯಾರೂ ಹೇಳುವುದಿಲ್ಲ. ರಾಜ ಅವನನ್ನು ಇಂಗ್ಲೆಂಡಿಗೆ ಹಡಗು ಹತ್ತಿಸಿದ್ದ. ಸಮುದ್ರದ ಮೇಲೆ ಏನೋ ಆಗಿದೆ. ತನ್ನನ್ನು ಕೊಲ್ಲಲು ಬರೆದ ರಾಜಪತ್ರ ಕದ್ದು ಓದಿದ್ದಾನೆ, ಅದರ ಜಾಗದಲ್ಲಿ ಬೇರೆ ಪತ್ರ ಬರೆದು ಅಪ್ಪನ ಮುದ್ರೆಯುಂಗುರ ಒತ್ತಿದ್ದಾನೆ, ಹಳೆಯ ಗೆಳೆಯರಿಬ್ಬರನ್ನು ಸಾವಿಗೆ ಕಳಿಸಿದ್ದಾನೆ. ಇದೆಲ್ಲ ನಮಗೆ ಆಮೇಲೆ ಸುದ್ದಿಯಾಗಿ ತಿಳಿಯುತ್ತದೆ.

ಈ ಹೊತ್ತಿನಲ್ಲಿ ನಟನಿಗೂ ದೊಡ್ಡ ಬಿಡುವು. ರಂಗದ ಮೇಲೆ ಒಫೀಲಿಯಾಳ ಹುಚ್ಚು, ಪೊಲೋನಿಯಸ್‌ನ ಮಗ ಲೇಯರ್ಟಿಸ್‌ನ ಆರ್ಭಟ. ಮೊದಮೊದಲು ನಾನು ಗ್ರೀನ್‌ರೂಮಿಗೆ ಹೋಗಿ ಬೆವರು ಒರೆಸಿಕೊಂಡು ಕೂರುತ್ತಿದ್ದೆ. ಆಮೇಲೆ ಸೈಡ್‌ವಿಂಗ್‌ನಲ್ಲೇ ನಿಂತು ಲೇಯರ್ಟಿಸ್ ಮಾತು ಕೇಳುವುದು ರೂಢಿಯಾಯಿತು. ಅಪ್ಪ ಸತ್ತ ಸುದ್ದಿ ಬಂದಿದ್ದೇ ತಡ, ಜನ ಕಟ್ಟಿಕೊಂಡು ಅರಮನೆ ಬಾಗಿಲು ಒಡೆದಿದ್ದಾನೆ. ಹ್ಯಾಮ್ಲೆಟ್‌ನನ್ನು ಚರ್ಚಿನಲ್ಲೇ ಸಿಕ್ಕರೂ ಕುತ್ತಿಗೆ ಕೊಯ್ಯುತ್ತೇನೆ ಅನ್ನುತ್ತಾನೆ. ಸೇಡಿನ ನಾಟಕದ ನಾಯಕ ಅಂದರೆ ಹೀಗಿರಬೇಕು ಅಂತ ಪ್ರೇಕ್ಷಕರು ಅಂದುಕೊಳ್ಳುವುದೆಲ್ಲ ಅವನೇ. ಎಷ್ಟು ಸುಲಭವಾಗಿ ಕ್ಲಾಡಿಯಸ್ ಅವನನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾನೆ ಅನ್ನುವುದನ್ನೂ ಅಲ್ಲೇ ನಿಂತು ಕೇಳಬೇಕು. ಅದಾದ ಮೇಲೆ ಐದನೇ ಅಂಕಕ್ಕೆ ಹೋಗುವ ನನ್ನ ನಡಿಗೆಯೇ ಬೇರೆ ಇರುತ್ತಿತ್ತು.

ಸ್ಮಶಾನದ ದೃಶ್ಯ ಗದ್ಯದಲ್ಲಿದೆ, ತಮಾಷೆಯಲ್ಲಿದೆ. ಗೋರಿ ಅಗೆಯುವವನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾನೆ, ಹ್ಯಾಮ್ಲೆಟ್ ಹುಟ್ಟಿದ ದಿನದಿಂದ. ಯೋರಿಕ್ ಎಂಬ ಹಾಸ್ಯಗಾರನ ತಲೆಬುರುಡೆ 23 ವರ್ಷದಿಂದ ಮಣ್ಣಿನಲ್ಲಿದೆ. ಮೂರನೇ ಅಂಕದಲ್ಲಿ ಸಾವು ಯಾರೂ ಕಾಣದ ದೂರದ ನಾಡಾಗಿತ್ತು. ಈಗ ಅದು ಕೈಯಲ್ಲಿದೆ, ವಾಸನೆ ಬರುತ್ತಿದೆ. ಬೆನ್ನ ಮೇಲೆ ಹೊತ್ತು ಆಡಿಸಿದವನ ಬುರುಡೆ. ನಾನು ಅದನ್ನು ಎತ್ತಿ ಹಿಡಿದು ಪೋಸ್ ಕೊಡಲಿಲ್ಲ. ಕೂತು, ಮಡಿಲಲ್ಲಿ ಇಟ್ಟುಕೊಂಡು, ಮಣ್ಣು ಒರೆಸುತ್ತಾ ಮಾತಾಡಿದೆ.

ಐದನೇ ಅಂಕದ ಹ್ಯಾಮ್ಲೆಟ್‌ನನ್ನು ಸಂತನ ಹಾಗೆ ಆಡುವ ಅಭ್ಯಾಸ ಇದೆ. ಎಲ್ಲ ದೈವಕ್ಕೆ ಬಿಟ್ಟ, ಶಾಂತನಾದ ಅಂತ. ಪೂರ್ತಿ ಹಾಗಿಲ್ಲ. ಒಫೀಲಿಯಾಳ ಶವ ಬಂದಾಗ ನಲವತ್ತು ಸಾವಿರ ಅಣ್ಣಂದಿರ ಪ್ರೀತಿಗಿಂತ ನನ್ನದು ದೊಡ್ಡದು ಅಂತ ಕೂಗಾಡುತ್ತಾನೆ. ಬದುಕಿದ್ದಾಗ ಅವಳಿಗೆ ಹೇಳಿದ್ದು ಏನು ಅಂತ ನೆನಪಿಸಿಕೊಳ್ಳಿ. ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಸತ್ತಿದ್ದು ನನ್ನ ಮನಸ್ಸಾಕ್ಷಿಯ ಹತ್ತಿರವೂ ಬರುವುದಿಲ್ಲ ಅಂತ ತಣ್ಣಗೆ ಹೇಳುತ್ತಾನೆ. ಕೋಪ ಇದೆ, ಕ್ರೌರ್ಯ ಇದೆ. ತನ್ನೊಳಗಿನ ಜಗಳ ಮಾತ್ರ ಇಲ್ಲ. ಮೊದಲಾಗಿದ್ದರೆ ಆ ಇಬ್ಬರ ಸಾವಿನ ಮೇಲೆ ಒಂದು ಇಡೀ ಸ್ವಗತ ಇರುತ್ತಿತ್ತು!

ಗುಬ್ಬಿ ಬೀಳುವುದರಲ್ಲೂ ದೈವದ ಕೈ ಇದೆ, ಈಗಲ್ಲದಿದ್ದರೆ ಮುಂದೆ ಬರುತ್ತದೆ, ಸಿದ್ಧವಾಗಿರುವುದೇ ಎಲ್ಲ. ಈ ಪ್ರಸಿದ್ಧ ಮಾತನ್ನು ಅವನು ಗೆಳೆಯ ಹೊರೇಷಿಯೋಗೆ ಹೇಳುತ್ತಾನೆ, ಗದ್ಯದಲ್ಲಿ, ಲೇಯರ್ಟಿಸ್ ಜೊತೆಗಿನ ಕತ್ತಿ ಪಂದ್ಯಕ್ಕೆ ಹೊರಡುವ ಮೊದಲು. ಎದೆಯಲ್ಲಿ ಏನೋ ಸರಿಯಿಲ್ಲ ಅಂದಿದ್ದಾನೆ, ಗೆಳೆಯ ಪಂದ್ಯ ಬೇಡ ಅಂದಿದ್ದಾನೆ. ಅದಕ್ಕೆ ಉತ್ತರ ಇದು. ನಾನು ಕೈಗವಸಿನ ದಾರ ಬಿಗಿಯುತ್ತಾ, ಅರ್ಧ ಗಮನ ದಾರದ ಮೇಲಿಟ್ಟು ಹೇಳಿದೆ. ಪ್ರೇಕ್ಷಕರ ಕಡೆ ನೋಡಲಿಲ್ಲ. ಅವರ ಜೊತೆ ಮಾತು ಬಿಟ್ಟಾಗಿದೆಯಲ್ಲ.

ಕೊನೆಗೆ ಕೊಲೆ. ಇದನ್ನು ಎಷ್ಟು ಜನ ಗಮನಿಸಿದ್ದಾರೋ, ನನಗಂತೂ ಟೇಬಲ್ ರೀಡಿಂಗ್‌ನಲ್ಲಿ ಕಣ್ಣಿಗೆ ಬಿದ್ದು ದಂಗಾದೆ. ಪಂದ್ಯದಲ್ಲಿ ಲೇಯರ್ಟಿಸ್ ಹಿಡಿದಿದ್ದ ವಿಷದ ಕತ್ತಿ ತಗುಲಿದೆ, ತಾಯಿ ವಿಷ ಕುಡಿದು ಸತ್ತಿದ್ದಾಳೆ, ರಾಜನೇ ಕಾರಣ ಅಂತ ಲೇಯರ್ಟಿಸ್ ಬಾಯಿ ಬಿಟ್ಟಿದ್ದಾನೆ. ಹ್ಯಾಮ್ಲೆಟ್ ರಾಜನನ್ನು ಚುಚ್ಚುತ್ತಾನೆ, ಉಳಿದ ವಿಷ ಕುಡಿಸುತ್ತಾನೆ. ನನ್ನ ತಾಯಿಯ ಹಿಂದೆ ಹೋಗು ಅನ್ನುತ್ತಾನೆ. ಅಪ್ಪನ ಹೆಸರು ಇಲ್ಲ! ಐದು ಅಂಕ ಯಾರಿಗಾಗಿ ಕಾದೆವೋ ಅವನ ಬಗ್ಗೆ ಒಂದು ಮಾತಿಲ್ಲ. ಪಕ್ಕದಲ್ಲಿ ಸಾಯುತ್ತಿರುವ ಲೇಯರ್ಟಿಸ್ ತನ್ನ ಅಪ್ಪನನ್ನು ನೆನೆಯುತ್ತಾನೆ. ಹ್ಯಾಮ್ಲೆಟ್ ನೆನೆಯುವುದಿಲ್ಲ. ಸ್ವಲ್ಪ ಮೊದಲು ಹೊರೇಷಿಯೋ ಎದುರು ರಾಜನ ಅಪರಾಧಗಳ ಪಟ್ಟಿ ಹೇಳಿದಾಗಲೂ ‘ನನ್ನ ರಾಜನನ್ನು ಕೊಂದ’ ಅಂದಿದ್ದ.

ಇದನ್ನು ಹೇಗೆ ಆಡಬೇಕು? ನಿರ್ದೇಶಕರಿಗೆ ಹಿಂದೆ ಭೂತವನ್ನು ತಂದು ನಿಲ್ಲಿಸುವ ಆಸೆ ಇತ್ತು. ಬೆಳಕು, ಹೊಗೆ ಎಲ್ಲ ಯೋಚಿಸಿದ್ದರು. ಕಿಡ್‌ನ ನಾಟಕದಲ್ಲಿ ಭೂತ ಕೊನೆಯವರೆಗೂ ರಂಗದ ಮೇಲೆ ಕೂತು, ಸತ್ತವರನ್ನು ಎಣಿಸಿ ಖುಷಿಪಡುತ್ತದೆ. ಇಲ್ಲಿ ಷೇಕ್ಸ್‌ಪಿಯರ್ ಅದನ್ನು ಮೂರನೇ ಅಂಕದ ನಂತರ ಕರೆದೇ ಇಲ್ಲ. ಕರೆಯದವನನ್ನು ನಾವು ಕರೆಯುವುದು ಬೇಡ ಅಂತ ಹಟ ಹಿಡಿದೆ. ವಾದ ಎರಡು ಸಂಜೆ ನುಂಗಿತು. ಕೊನೆಗೆ ಭೂತದ ಪಾತ್ರಧಾರಿಯೇ ನನ್ನ ಪರ ಬಂದರು, ಮೇಕಪ್ ಬೇಗ ತೆಗೆಯಬಹುದು ಅಂತ.

ಹಾಗಾಗಿ ನಾನು ಆ ಕೊಲೆಯನ್ನು ಸೇಡು ತೀರಿಸುವವನ ಹಾಗೆ ಆಡಲಿಲ್ಲ. ಎದುರಿಗೆ ಇದ್ದದ್ದಕ್ಕೆ ಕೈ ಹೋಯಿತು, ಅಷ್ಟೇ. ಯೋಚಿಸಲು ಹೊತ್ತಿರಲಿಲ್ಲ. ಅಷ್ಟು ದಿನ ಆಗದ ಕೆಲಸ ಅರೆ ನಿಮಿಷದಲ್ಲಿ ಆಗಿಹೋಯಿತು. ಉಸಿರೆಲ್ಲ ಉಳಿಸಿಕೊಂಡಿದ್ದು ಹೊರೇಷಿಯೋನ ಕೈಯಿಂದ ವಿಷದ ಬಟ್ಟಲು ಕಿತ್ತುಕೊಳ್ಳುವುದಕ್ಕೆ. ನೀನು ಸಾಯಬೇಡ, ಇದ್ದು ನನ್ನ ಕಥೆ ಹೇಳು ಅನ್ನುತ್ತಾನಲ್ಲ, ಅಲ್ಲಿ. ಹಿಯೆರೋನಿಮೋ ಕೊನೆಯಲ್ಲಿ ಏನೂ ಹೇಳಬಾರದು ಅಂತ ತನ್ನ ನಾಲಿಗೆಯನ್ನೇ ಕಚ್ಚಿಕೊಂಡು ತುಂಡು ಮಾಡುತ್ತಾನೆ. ಹ್ಯಾಮ್ಲೆಟ್‌ಗೆ ಹೇಳುವವನೊಬ್ಬ ಬೇಕು. ತಾಲೀಮಿನಲ್ಲಿ ಹೊರೇಷಿಯೋ ಪಾತ್ರದ ಗೆಳೆಯನಿಗೆ ಬಟ್ಟಲು ನಿಜವಾಗಲೂ ಗಟ್ಟಿಯಾಗಿ ಹಿಡಿದುಕೋ ಅಂದಿದ್ದೆ. ಅವನು ಬಿಡುತ್ತಲೇ ಇರಲಿಲ್ಲ, ಕಿತ್ತುಕೊಳ್ಳಲು ನಾನು ಒದ್ದಾಡಬೇಕಾಗುತ್ತಿತ್ತು. ಸಾಯುವವನ ದನಿ ಅದರಿಂದ ತಾನಾಗಿ ಬಂತು.

ಹೊತ್ತಾಗುತ್ತದೆ ಅಂತ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನನ್ನು ಬಿಡುವ ತಂಡಗಳಿವೆ. ನಾವು ಉಳಿಸಿಕೊಂಡೆವು. ಅವನ ಅಪ್ಪನನ್ನು ಕೊಂದಿದ್ದು ಹ್ಯಾಮ್ಲೆಟ್‌ನ ಅಪ್ಪ. ಹ್ಯಾಮ್ಲೆಟ್, ಲೇಯರ್ಟಿಸ್ ಆದ ಮೇಲೆ ಅಪ್ಪನ ಸೇಡಿಗೆ ಬರಬೇಕಿದ್ದ ಮೂರನೆಯವನು ಅವನು. ಕತ್ತಿ ಎತ್ತದೆಯೇ ಇಡೀ ಡೆನ್ಮಾರ್ಕ್ ಅವನ ಕೈಗೆ ಬರುತ್ತದೆ, ಅದೂ ಹ್ಯಾಮ್ಲೆಟ್ ಸಾಯುವಾಗ ಕೊಟ್ಟ ಒಪ್ಪಿಗೆಯಿಂದ. ಹ್ಯಾಮ್ಲೆಟ್ ಯಾರು ಅಂತ ಅವನಿಗೆ ಸರಿಯಾಗಿ ಗೊತ್ತೂ ಇಲ್ಲ. ಯೋಧನ ಮರ್ಯಾದೆಯಲ್ಲಿ ಹೊತ್ತುಕೊಂಡು ಹೋಗಿ ಅನ್ನುತ್ತಾನೆ. ನಾಲ್ವರು ನನ್ನನ್ನು ಭುಜದ ಮೇಲೆ ಎತ್ತುವಾಗ ಪ್ರೇಕ್ಷಕರಲ್ಲಿ ಒಬ್ಬಿಬ್ಬರು ನಕ್ಕಿದ್ದು ನನಗೆ ಕೇಳಿಸಿತ್ತು. ನಿರ್ದೇಶಕರಿಗೆ ಬೇಸರವಾಯಿತು. ನನಗೆ ಖುಷಿಯಾಯಿತು, ಅವರು ಸರಿಯಾಗಿ ಕೇಳಿಸಿಕೊಂಡಿದ್ದರು.